ಶರೀಫಜ್ಜನ ರಾಕ್‌ಗೆ ಹಾವೇರಿ ಏನಂದಿತ್ತು?

1969ರ ಮಾರ್ಚ್‌ನಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಲೆಡ್ ಝೆಪೆಲಿನ್ ರಾಕ್ ತಂಡದ ಮೊದಲ ಆಲ್ಬಮ್ಮನ್ನು ಚೆನ್ನಾಗಿ ಜಾಡಿಸಿತು. ಬರೆದವರು ಜಾನ್ ಮೆಂಡೆಲ್‌ಸನ್. 2003ರಲ್ಲಿ ಅದೇ ಪತ್ರಿಕೆ ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಬೈಸಿಕೊಂಡ ಆಲ್ಬಮ್ 29ನೇ ಸ್ಥಾನದಲ್ಲಿ ಕೂತಿತ್ತು. ಆ ಹಳೆಯ ವಿಮರ್ಶೆ ಇಂದಿಗೂ ಓದಲು ಸಿಗುತ್ತದೆ. ಕೀರ್ತಿ ಬರುವ ಮುಂಚೆ ಆ ಸಂಗೀತ ಕಿವಿಗೆ ಹೇಗೆ ಬಿದ್ದಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಹಾವೇರಿ ಜಿಲ್ಲೆಗೂ ಹೀಗೆ ಕೆದಕಿ ನೋಡಬೇಕಾದ ಆಲ್ಬಮ್ ಒಂದಿದೆ.

2008ರಲ್ಲಿ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಸಂಗೀತ ತಂಡ ತನ್ನ ಚೊಚ್ಚಲ ಆಲ್ಬಮ್ ‘ಅಂತರಾಗ್ನಿ’ ಹೊರತಂದಿತು. ಅದರಲ್ಲಿ ಗುಡಗುಡಿಯ ಹಾಡಿದೆ, ಸೋರುವ ಮಾಳಿಗೆಯ ಹಾಡಿದೆ. ಎರಡೂ ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ತತ್ವಪದಕಾರ ಶರೀಫರವು (1819–1889). 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮ ತಲುಪಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಬಂತು. ಅಲ್ಲಿಂದ ಮುಂದೆ ಬರೆದವರ ಕಣ್ಣೆದುರು ಲಂಡನ್ನಿನ ಕೀರ್ತಿ ಇತ್ತು. ಅದಕ್ಕೂ ಮುಂಚಿನ ಬರಹಗಳಿಗೇ ಹೆಚ್ಚಿನ ಬೆಲೆ.

ಬೆಂಗಳೂರು, ಮುಂಬೈಯ ವಿಮರ್ಶಕರಿಗೆ ಗಿಟಾರ್–ಪಿಟೀಲುಗಳ ಜುಗಲ್‌ಬಂದಿ ಹೊಸದೆನಿಸಿರಬಹುದು. ಬ್ಯಾಡಗಿಯಲ್ಲೋ ರಾಣೆಬೆನ್ನೂರಿನಲ್ಲೋ ಭಜನೆ ಕೇಳಿ ಬೆಳೆದವರ ತಕರಾರೇ ಬೇರೆ. ಭಜನೆಯಲ್ಲಿ ಏಕತಾರಿ, ದಮ್ಮಡಿ, ತಾಳಗಳ ನಡುವೆ ಪದ ನಿಧಾನಕ್ಕೆ ಸಾಗುತ್ತದೆ. ಮಾಳಿಗೆ ಸೋರುವುದು ಮನೆಯದ್ದಷ್ಟೇ ಅಲ್ಲ, ಮನಸ್ಸಿನದೂ ಎಂದು ಹೊಳೆಯಲು ಪುರುಸೊತ್ತು ಸಿಗುತ್ತದೆ. ಡ್ರಮ್ಸ್ ಓಟಕ್ಕೆ ಬಿದ್ದರೆ ಆ ಪುರುಸೊತ್ತು ಉಳಿಯುತ್ತದೆಯೇ? ಇದೇ ಪ್ರಶ್ನೆಯನ್ನು ಸಿ. ಅಶ್ವಥ್ ಅವರ ಸುಗಮ ಸಂಗೀತಕ್ಕೂ ಕೇಳಬಹುದು. ಅವರೇ ಸಂಗೀತ ನೀಡಿದ, ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ (1990) ಚಿತ್ರ ಶರೀಫರನ್ನು ಊರೂರಿಗೆ ಒಯ್ದಿತ್ತು. ಭಜನೆ, ಕ್ಯಾಸೆಟ್, ರಾಕ್ ಮೂರನ್ನೂ ಕೇಳಿದ ಕಿವಿಗಳು ಈ ಜಿಲ್ಲೆಯಲ್ಲಿವೆ. ಅವರ ಮಾತನ್ನು ಬಿಟ್ಟು ‘ಅಂತರಾಗ್ನಿ’ಯ ಚರಿತ್ರೆ ಬರೆದರೆ ಅದು ಅರೆಬರೆಯೇ.

ಜಾನಪದ ವಿಶ್ವವಿದ್ಯಾಲಯ ಇರುವುದು ಇದೇ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ. ತತ್ವಪದಗಳ ಜೊತೆಗೆ ಅವುಗಳ ಧ್ವನಿಮುದ್ರಣಕ್ಕೆ ಬಂದ ಪತ್ರಿಕಾ ವಿಮರ್ಶೆ, ಜಾಹೀರಾತು, ಓದುಗರ ಪತ್ರ, ಕ್ಯಾಸೆಟ್ ಹೊದಿಕೆಗಳನ್ನೂ ಅದು ಕೂಡಿಹಾಕಬೇಕು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗ್ರಂಥಾಲಯಗಳು ಇದಕ್ಕೆ ಕೈಜೋಡಿಸಲಿ. ಹೊಗಳಿದ್ದು, ತೆಗಳಿದ್ದು ಎಂದು ಆರಿಸುವುದು ಬೇಡ. ಪತ್ರಿಕೆಯ ಹೆಸರು, ತಾರೀಖು ಬರೆದು ಎಲ್ಲವನ್ನೂ ಸ್ಕ್ಯಾನ್ ಮಾಡಿಡಲಿ. ಅಟ್ಟದ ಮೇಲಿನ ಹಳೇ ಪೇಪರು ರದ್ದಿಯವನ ತಕ್ಕಡಿ ಏರುವ ಮುಂಚೆ ಈ ಕೆಲಸ ಶುರುವಾಗಬೇಕು.