ಮೊಳೆ ಕಿತ್ತವಳ ಕೂಲಿ

ಚಿನ್ನದಂಗಡಿಯಲ್ಲಿ ಬಾಯಿ ಬಿಡದ ನಾವು ಗುಜರಿಯವನ ಮುಂದೆ ಎಷ್ಟು ಜೋರು ಮಾಡುತ್ತೇವೆಂದು ನನಗೆ ಮನದಟ್ಟಾದದ್ದು ಪೀಣ್ಯದಲ್ಲಿ. ಪುಸ್ತಕದ ಗೂಡು ಮಾಡಿಸಲು ಹಲಗೆ ಬೇಕಾಗಿತ್ತು. ಕಾರ್ಖಾನೆಗಳಿಗೆ ಯಂತ್ರ ಬಂದ ಪೆಟ್ಟಿಗೆಗಳು, ಸರಕಿನ ಅಡಿಗಿಡುವ ಪ್ಯಾಲೆಟ್ಟುಗಳು ಅಲ್ಲಿನ ಹಳೇ ಮರದ ಅಂಗಳಗಳಲ್ಲಿ ಆಳೆತ್ತರ ಬಿದ್ದಿರುತ್ತವೆ. ಹೆಚ್ಚಿನದು ಪೈನ್ ಮರ. "ಎಸೆಯೋ ಮರಕ್ಕೆ ಇಷ್ಟೊಂದಾ?" ಎಂದೆ. ಮಾಲೀಕ ಐವತ್ತು ರೂಪಾಯಿ ಇಳಿಸಿದ. ಗೆದ್ದೆನೆಂದು ಬೀಗಿದೆ.

ಮೂಲೆಯಲ್ಲಿ ಮೊಳೆ ಕೀಳುತ್ತಿದ್ದ ರಾಯಚೂರು ಕಡೆಯ ಹೆಂಗಸು ತಲೆ ಎತ್ತದೆ ಹೇಳಿದಳು: "ಅಕ್ಕಾರ, ಒಂದ್ ಹಲಗ್ಯಾಗ ಎಷ್ಟ್ ಮೊಳಿ ಅದಾವ, ಎಣಿಸಿ ನೋಡ್ರಿ."

ಎಣಿಸಿದೆ. ಹನ್ನೊಂದು. ಕ್ಯಾಲೆಂಡರು ತೂಗುಹಾಕುವ ಮೊಳೆಗಳೇ ಇವು? ಮೈತುಂಬ ಸುರುಳಿಗೆರೆ, ಕಚ್ಚಿ ಹಿಡಿಯಲೆಂದೇ ಮಾಡಿದವು. ಮೆಲ್ಲಗೆ ಎಳೆದರೆ ಬರುವುದಿಲ್ಲ, ಜೋರಾಗಿ ಎಳೆದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ಉಳಿದ ಒಂದೇ ಮೊಳೆ ಬಡಗಿಯ ಯಂತ್ರದ ಅಲಗನ್ನು ಹಾಳು ಮಾಡೀತು. ಹಲಗೆ ಸೀಳಿತೋ, ಸೌದೆಯ ಬೆಲೆ. ಸೌದೆಯಾಗಬೇಕಾದ್ದನ್ನು ಹಲಗೆಯಾಗಿ ಉಳಿಸುವುದು ಅವಳ ಕೈ. ನಾನು ಚೌಕಾಸಿ ಮಾಡಿದ್ದು ಆ ಕೈಯ ಮೇಲೆ.

ಕೆಲವು ಹಲಗೆಗಳ ಮೇಲೆ ತೆನೆಯ ಚಿತ್ರದ ಮುದ್ರೆಯಿರುತ್ತದೆ. ದೇಶದಿಂದ ದೇಶಕ್ಕೆ ಮರದೊಡನೆ ಹುಳುಗಳು ಹೋಗಬಾರದೆಂದು 2002ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮದ ಗುರುತು ಅದು. 'ಎಚ್‌ಟಿ' ಎಂದಿದ್ದರೆ ಮರದ ತಿರುಳಿಗೂ 56 ಡಿಗ್ರಿ ಶಾಖ ತಾಗುವಂತೆ 30 ನಿಮಿಷ ಕಾಯಿಸಿದ್ದಾರೆಂದು ಅರ್ಥ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಮರದೊಳಗಿನ ಹುಳುವಿಗೆ ಇಷ್ಟೆಲ್ಲ ಕಾನೂನು! ಮರ ಬಿಚ್ಚುವವಳಿಗೆ ಒಂದು ಜೊತೆ ಕೈಗವಸಿಲ್ಲ. ತುಕ್ಕು ಮೊಳೆ ಚುಚ್ಚಿದರೆ ಧನುರ್ವಾಯುವಿನ ಚುಚ್ಚುಮದ್ದಿಗೂ ಅವಳದೇ ಖರ್ಚು, ಮೇಲೆ ಆ ದಿನದ ಕೂಲಿ ಖೋತಾ.

ಇದೇ ಹಲಗೆ ಉಜ್ಜಿಸಿಕೊಂಡು, ಮೆರುಗು ಹಚ್ಚಿಸಿಕೊಂಡು ವೈಟ್‌ಫೀಲ್ಡಿನ ಬೈಠಕ್ಕಿನಲ್ಲಿ ಟೀಪಾಯಿಯಾಗಿ ಕುಳಿತರೆ ನಮಗೆ ಪರಿಸರ ನೆನಪಾಗುತ್ತದೆ. ಹಳೇ ಮರವೆಂಬ ಕಾರಣಕ್ಕೇ ಅಲ್ಲಿ ಹೆಚ್ಚು ಕೊಡುತ್ತೇವೆ, ಅದೇ ಕಾರಣಕ್ಕೆ ಇಲ್ಲಿ ಕಡಿಮೆ ಮಾಡಿಸುತ್ತೇವೆ. ಅಗ್ಗವಾಗಿದ್ದರೆ ತಾನೆ ಬಡವರ ಒಲೆಗೆ ಸೌದೆ, ಎಂದು ಗೆಳತಿಯೊಬ್ಬಳು ವಾದಿಸಿದಳು. ಬಣ್ಣ, ಎಣ್ಣೆ ಕುಡಿದ ಹಲಗೆಯನ್ನು ಬಚ್ಚಲೊಲೆಗೆ ಹಾಕಿ ಆ ಹೊಗೆಯ ಮುಂದೆ ಅವಳೊಮ್ಮೆ ಕುಳಿತು ನೋಡಲಿ. ಅಂಥದ್ದನ್ನು ಸೌದೆಯೆಂದು ಮಾರುವುದೇ ತಪ್ಪು. ಒಳ್ಳೆಯ ಹಲಗೆಗೆ ಸರಿಯಾದ ಬೆಲೆ ಕೊಡೋಣ, ಮೊಳೆ ಕೀಳುವುದಕ್ಕೆ ಎಷ್ಟು ಕೂಲಿ ಎಂದು ಕೇಳಿಯೇ ಕೊಡೋಣ. ಸೊಪ್ಪಿನವಳ ಕಟ್ಟನ್ನು ಬಿಚ್ಚಿ ನೋಡುವ ನಮಗೆ ಇದೊಂದು ಪ್ರಶ್ನೆ ಕೇಳಲು ನಾಚಿಕೆಯೇ?

ನಾನು ಆ ಐವತ್ತನ್ನು ಅವಳ ಕೈಗೇ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ನನಗ್ಯಾಕ್ರಿ? ಕೂಲಿ ಜಾಸ್ತಿ ಮಾಡಂತ ಸಾವ್ಕಾರಗ ಹೇಳ್ರಿ" ಎಂದಳು. ಹೇಳಿದೆ.

"ಇಳಿಸ್ಕೊಂಡೋರು ನೀವೇ ಅಲ್ವೇನಮ್ಮ?" ಎಂದ ಆತ.