ಸೇವಂತಿಗೆ ತೋಟದ ರಾತ್ರಿದೀಪಗಳು: ಮಿತವ್ಯಯದ ಸುಧಾರಣೆ

ಮೈಸೂರು ಸೀಮೆಯಲ್ಲಿ ವಿದ್ಯುಚ್ಛಕ್ತಿಯ ಚರಿತ್ರೆಯು ಕೋಲಾರದ ಚಿನ್ನದ ಗಣಿಗಳಿಂದಲೇ ಆರಂಭವಾಯಿತೆಂಬುದು ಬಂಗಾರಪೇಟೆಯ ಸುತ್ತಣ ಗ್ರಾಮಗಳ ಹಿರಿಯರು ಬಲ್ಲ ಸಂಗತಿ. ೧೯೦೨ನೆಯ ಇಸವಿ ಜೂನ್ ತಿಂಗಳಲ್ಲಿ, ಶಿವನಸಮುದ್ರದ ಜಲಪಾತದ ಬಳಿ ಉತ್ಪಾದಿಸಿದ ಶಕ್ತಿಯನ್ನು ಸುಮಾರು ೯೨ ಮೈಲಿಗಳ ದೂರ ತಂತಿಗಳ ಮೂಲಕ ಸಾಗಿಸಿ ಈ ಗಣಿಗಳಿಗೆ ಒದಗಿಸಲಾಯಿತು. ಬೆಂಗಳೂರು ನಗರದ ಬೀದಿಗಳಿಗೆ ವಿದ್ಯುದ್ದೀಪಗಳು ಬಂದುದು ಅದರ ಅನಂತರ, ೧೯೦೫ರಲ್ಲಿ. ಆ ತಂತಿಗಳು ಹಾದುಬಂದ ದಾರಿಯ ಹಳ್ಳಿಗಳಾದರೋ ಬಹುಕಾಲ ಹರಳೆಣ್ಣೆ ಸೀಮೆಎಣ್ಣೆಗಳ ಬೆಳಕಿನಲ್ಲಿಯೇ ಇದ್ದುವು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿಹೋದುವು. ಇಂದು ಅದೇ ಜಿಲ್ಲೆಯಲ್ಲಿ ವಿದ್ಯುದ್ದೀಪಗಳು ಹೊಲಗಳ ಮೇಲೆಯೇ ಉರಿಯುವ ಕಾಲ ಬಂದಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಡೆ ರಾತ್ರಿ ಪ್ರಯಾಣ ಮಾಡುವವರು ಸೇವಂತಿಗೆಯ ಪಾಲಿಹೌಸುಗಳಲ್ಲಿಯೂ ಬಯಲು ತಾಕುಗಳಲ್ಲಿಯೂ ಸಾಲುಸಾಲಾಗಿ ತೂಗುವ ದೀಪಗಳನ್ನು ಕಾಣಬಹುದು.

ಈ ದೀಪಗಳನ್ನು ಎಲ್.ಇ.ಡಿ.ಗೆ ಬದಲಾಯಿಸಬೇಕೆ, ಬದಲಾಯಿಸುವುದಾದರೆ ಅಲ್ಪ ಬಂಡವಾಳವುಳ್ಳ ರೈತನು ಯಾವ ಕ್ರಮದಲ್ಲಿ ಬದಲಾಯಿಸಬೇಕು ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ. ಬದಲಾವಣೆಯು ಲಾಭಕರವೆಂಬುದು ನಿಜ. ಆದರೆ ದುಬಾರಿಯಾದ ವಿಶೇಷ ದೀಪಗಳಿಗಾಗಿ ಸಾಲಮಾಡುವುದು ಅನಾವಶ್ಯಕ. ಉಳಿತಾಯವಾಗುವ ಹಣದ ಮೊದಲ ಪಾಲು ದೀಪಕ್ಕಲ್ಲ, ಸುರಕ್ಷಿತವಾದ ತಂತಿಗೆ ಸಲ್ಲಬೇಕು. ಇದು ನಮ್ಮ ಅಭಿಪ್ರಾಯ.

ಮೊದಲು, ಸೇವಂತಿಗೆಗೆ ರಾತ್ರಿ ದೀಪವೇಕೆಂಬುದನ್ನು ತಿಳಿಯುವುದು ಅವಶ್ಯ. ಅನೇಕರು ಗಿಡವು ಬೆಳಕನ್ನು ಆಹಾರವಾಗಿ ಸ್ವೀಕರಿಸಿ ಹೆಚ್ಚು ಬೆಳೆಯುತ್ತದೆಂದು ಭಾವಿಸಿದ್ದಾರೆ. ಇದು ತಪ್ಪು ಗ್ರಹಿಕೆ. ಸೇವಂತಿಗೆಯು ರಾತ್ರಿಯ ಉದ್ದವನ್ನು ಅಳೆಯುವ ಗಿಡ. ಎಡೆಬಿಡದ ಕತ್ತಲೆಯು ದೀರ್ಘವಾದರೆ ಅದು ಮೊಗ್ಗು ಕಟ್ಟುತ್ತದೆ. ಕತ್ತಲೆಯು ಮೊಟಕಾದರೆ ಮೊಗ್ಗನ್ನು ಮುಂದೂಡಿ ಕಾಂಡವನ್ನೂ ಎಲೆಯನ್ನೂ ಬೆಳೆಸುತ್ತದೆ. ಹಗಲಿರುಳುಗಳ ಉದ್ದವೇ ಗಿಡಗಳ ಹೂಬಿಡುವಿಕೆಯನ್ನು ನಿಯಂತ್ರಿಸುವುದೆಂಬುದನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು ೧೯೨೦ರಲ್ಲಿ ಪ್ರಕಟಿಸಿದರು. ಗಿಡದೊಳಗೆ ಈ ಅಳತೆಯನ್ನು ಮಾಡುವ ಫೈಟೋಕ್ರೋಮ್ ಎಂಬ ವಸ್ತುವು ವಿಶೇಷವಾಗಿ ಕೆಂಪು ಬೆಳಕಿಗೆ ಓಗೊಡುವುದೆಂಬುದು ಮುಂದಣ ಸಂಶೋಧನೆಗಳಿಂದ ಸ್ಥಿರಪಟ್ಟಿತು.

ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ಸೀಮೆಯಲ್ಲಿ ಅತಿ ದೀರ್ಘವಾದ ಹಗಲೂ ೧೩ ಗಂಟೆಗಳನ್ನು ಮುಟ್ಟುವುದಿಲ್ಲ. ಡಿಸೆಂಬರ್ ತಿಂಗಳ ಹಗಲು ಸುಮಾರು ೧೧ ಗಂಟೆ ೨೦ ನಿಮಿಷ ಮಾತ್ರ. ಆದುದರಿಂದ ಕತ್ತಲೆಗೆ ಸೂಕ್ಷ್ಮವಾದ ತಳಿಗಳು ಇಲ್ಲಿ ನೆಟ್ಟ ಸ್ವಲ್ಪ ಕಾಲದಲ್ಲಿಯೇ, ಗೇಣುದ್ದದ ಕಾಂಡದಲ್ಲಿಯೇ ಮೊಗ್ಗು ತೋರಿಬಿಡುತ್ತವೆ. ಅಂತಹ ಹೂವಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ನೆಟ್ಟ ಮೊದಲ ಕೆಲವು ವಾರಗಳಲ್ಲಿ ರಾತ್ರಿ ೧೦ರಿಂದ ೨ ಗಂಟೆಯವರೆಗೆ ದೀಪವುರಿಸಿ ಕತ್ತಲೆಯನ್ನು ನಡುವೆ ಕತ್ತರಿಸಿದರೆ, ಗಿಡವು ಬೇಕಾದ ಎತ್ತರಕ್ಕೆ ಬೆಳೆಯುತ್ತದೆ. ದೀಪ ನಿಲ್ಲಿಸಿದ ಬಳಿಕ, ತಳಿಗನುಸಾರವಾಗಿ ಸುಮಾರು ಎಂಟು ಹತ್ತು ವಾರಗಳಲ್ಲಿ ಹೂವು ಬರುತ್ತದೆ. ಆಯುಧಪೂಜೆ, ದೀಪಾವಳಿ, ಸಂಕ್ರಾಂತಿಗಳ ಸಮಯಕ್ಕೆ ಹೂವನ್ನು ಸಿದ್ಧಗೊಳಿಸುವ ಸೂತ್ರವು ಇದರಲ್ಲಿಯೇ ಇದೆ.

ಇದರಿಂದ ಮುಖ್ಯವಾದ ಒಂದು ತತ್ತ್ವವು ಹೊರಡುತ್ತದೆ. ಸೇವಂತಿಗೆಗೆ ರಾತ್ರಿಯ ದೀಪವು ಆಹಾರವಲ್ಲ, ಸಂಜ್ಞೆ ಮಾತ್ರ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಪ್ರಮಾಣದ್ದು. ಕತ್ತಲೆಯನ್ನು ಮುರಿಯಲು ಗಿಡದ ತುದಿಯ ಮಟ್ಟದಲ್ಲಿ ಸುಮಾರು ನೂರು ಲಕ್ಸ್ ಸಾಕು. ಎಂದರೆ ಸಾವಿರದಲ್ಲೊಂದು ಪಾಲು! ಚಳಿಗಾಲದಲ್ಲಿ ಸೂರ್ಯನ ಬೆಳಕು ಬಹಳ ಕ್ಷೀಣವಾಗುವ ಹಾಲೆಂಡ್ ಮೊದಲಾದ ದೇಶಗಳಲ್ಲಿಯೂ, ಬಿಸಿಲೇ ಹೊಗದ ಮುಚ್ಚಿದ ಕೋಣೆಗಳ ಸಾಗುವಳಿಯಲ್ಲಿಯೂ ದೀಪದಿಂದಲೇ ಗಿಡಕ್ಕೆ ಆಹಾರ ಒದಗಿಸಬೇಕಾಗುವುದರಿಂದ, ನೇರಳೆ ಬಣ್ಣದ ಬೆಳಕು ಬೀರುವ ಪ್ರಬಲವಾದ ದೀಪಗಳನ್ನು ಉಪಯೋಗಿಸುತ್ತಾರೆ. ಅಲ್ಲಿ ಅದು ಯುಕ್ತವೇ. ಬಿಸಿಲಿಗೆ ಬರವಿಲ್ಲದ ಕೋಲಾರದಲ್ಲಿ ಸೇವಂತಿಗೆಗಾಗಿ ಅವುಗಳನ್ನು ಕೊಳ್ಳುವುದು, ಕೆರೆಯ ಪಕ್ಕದಲ್ಲಿ ಮನೆಮಾಡಿ ನೀರಿನ ಟ್ಯಾಂಕರಿಗೆ ಹಣ ತೆತ್ತಂತೆ. ಗೃಹಬಳಕೆಯ ಸಾಮಾನ್ಯ ಎಲ್.ಇ.ಡಿ. ಬಲ್ಬು, ಅದರಲ್ಲಿಯೂ ಕೆಂಪಿನಂಶ ಹೆಚ್ಚಾಗಿರುವ ಹಳದಿ ಛಾಯೆಯ ಬಲ್ಬು, ಈ ಕೆಲಸಕ್ಕೆ ಸಾಕಾಗುತ್ತದೆ.

ಇನ್ನು ಖರ್ಚಿನ ಲೆಕ್ಕ. ೧೦೦ ದೀಪಗಳ ಒಂದು ತೋಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಂತಿ ಕಾದು ಉರಿಯುವ ೬೦ ವಾಟ್ ಹಳೆಯ ಬಲ್ಬುಗಳನ್ನು ರಾತ್ರಿಗೆ ನಾಲ್ಕು ಗಂಟೆಗಳಂತೆ ಉರಿಸಿದರೆ ೨೪ ಯೂನಿಟ್, ಮೂವತ್ತು ರಾತ್ರಿಗಳಿಗೆ ೭೨೦ ಯೂನಿಟ್ ಶಕ್ತಿ ವ್ಯಯವಾಗುತ್ತದೆ. ೧೫ ವಾಟ್ ಸಿ.ಎಫ್.ಎಲ್. ಆದರೆ ೧೮೦ ಯೂನಿಟ್. ಹೆಚ್ಚುಕಡಮೆ ಅಷ್ಟೇ ಬೆಳಕು ಕೊಡುವ ೯ ವಾಟ್ ಎಲ್.ಇ.ಡಿ. ಆದರೆ ೧೦೮ ಯೂನಿಟ್ ಮಾತ್ರ. ಯೂನಿಟ್ಟಿಗೆ ೭ ರೂಪಾಯಿ, ಎಲ್.ಇ.ಡಿ. ಬಲ್ಬಿಗೆ ೯೦ ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಹಳೆಯ ಬಲ್ಬಿನ ಸ್ಥಾನದಲ್ಲಿ ಹಾಕಿದ ಪ್ರತಿಯೊಂದು ಎಲ್.ಇ.ಡಿ.ಯೂ ತಿಂಗಳಿಗೆ ಸುಮಾರು ೪೩ ರೂಪಾಯಿ ಉಳಿಸಿ, ದೀಪವುರಿಸುವ ಎರಡು ತಿಂಗಳುಗಳಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಸಿ.ಎಫ್.ಎಲ್. ತೆಗೆದು ಹಾಕಿದುದಾದರೋ ತಿಂಗಳಿಗೆ ಸುಮಾರು ೫ ರೂಪಾಯಿ ಮಾತ್ರ ಉಳಿಸುವುದರಿಂದ, ಅದರ ಬೆಲೆ ಮರಳಲು ಹದಿನೆಂಟು ತಿಂಗಳ ದೀಪ ಬೇಕು. ವರ್ಷಕ್ಕೆ ಮೂರು ಬೆಳೆ, ಬೆಳೆಗೆ ಒಂದು ತಿಂಗಳ ದೀಪವೆಂದರೆ ಆರು ವರ್ಷಗಳು! ಪ್ರತಿಯೊಬ್ಬರೂ ತಮ್ಮ ಬಿಲ್ಲಿನಲ್ಲಿರುವ ದರವನ್ನೂ ಅಂಗಡಿಯ ಬೆಲೆಯನ್ನೂ ಹಾಕಿ ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು.

ಎಲ್.ಇ.ಡಿ. ಬಲ್ಬು ಬಡವನ ಕೈಗೆಟುಕುವಂತಾದುದು ಇತ್ತೀಚಿನ ಸಂಗತಿ. ಕೇಂದ್ರ ಸರ್ಕಾರದ ಸಂಸ್ಥೆಯು ಸಗಟಾಗಿ ಕೊಳ್ಳುತ್ತಿದ್ದ ಬೆಲೆಯು ೨೦೧೪ರಲ್ಲಿ ಬಲ್ಬಿಗೆ ೩೧೦ ರೂಪಾಯಿ ಇದ್ದುದು ೨೦೧೬ರಲ್ಲಿ ೩೮ ರೂಪಾಯಿಗೆ ಇಳಿಯಿತು. ೨೦೧೫ರಲ್ಲಿ ಆರಂಭವಾದ ಉಜಾಲಾ ಯೋಜನೆಯ ಮೂಲಕ ಅನೇಕ ಮನೆಗಳು ಈ ದೀಪವನ್ನು ಮೊದಲು ಕಂಡುವು. ಸಗಟು ಖರೀದಿಯಿಂದ ಬೆಲೆ ಎಷ್ಟು ಇಳಿಯಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಗ್ರಾಮದ ಹತ್ತು ಮಂದಿ ಬೆಳೆಗಾರರು ಸಂಘದ ಮೂಲಕ ಒಟ್ಟಾಗಿ ಕೊಂಡರೆ ಬೆಲೆಯೂ ಕಡಮೆ, ಕೆಟ್ಟ ಬಲ್ಬಿಗೆ ಬದಲು ಕೇಳುವ ಬಲವೂ ಹೆಚ್ಚು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಅನುಸರಿಸಿ, ಅಲ್ಪ ಬಂಡವಾಳದ ರೈತನು ಈ ಕ್ರಮದಲ್ಲಿ ನಡೆಯುವುದು ಲೇಸು. ಮೊದಲನೆಯದಾಗಿ, ಒಂದು ಟೈಮರನ್ನು ಕೊಂಡು ದೀಪದ ಹೊತ್ತನ್ನು ನಿಯಮಕ್ಕೆ ತರಬೇಕು. ಸಂಜೆಯಿಂದ ಬೆಳಗಿನವರೆಗೆ ದೀಪವುರಿಸುವವರು ಬೇಕಾದುದಕ್ಕಿಂತ ಮೂರುಪಾಲು ಖರ್ಚುಮಾಡುತ್ತಿರುತ್ತಾರೆ. ಎರಡನೆಯದಾಗಿ, ಹಳೆಯ ೬೦ ವಾಟ್ ಬಲ್ಬುಗಳನ್ನು ಮೊದಲು ಬದಲಾಯಿಸಬೇಕು, ಸಿ.ಎಫ್.ಎಲ್.ಗಳನ್ನು ಕೆಟ್ಟಾಗಲೇ ಬದಲಾಯಿಸಿದರೆ ಸಾಕು. ಮೂರನೆಯದಾಗಿ, ಒಂದೇ ಮಡಿಯಲ್ಲಿ ಎರಡು ಬಗೆಯ ದೀಪಗಳನ್ನು ಬೆರಸಬಾರದು. ಬೆಳಕು ಒಂದು ಕಡೆ ಹೆಚ್ಚು, ಒಂದು ಕಡೆ ಕಡಮೆಯಾದರೆ ಹೂವು ಒಟ್ಟಿಗೆ ಬಾರದೆ ಕೊಯ್ಲು ಚದರಿಹೋಗುತ್ತದೆ. ಆದುದರಿಂದ ಒಂದು ಮಡಿಯನ್ನು ಪೂರ್ಣವಾಗಿ ಬದಲಾಯಿಸಿ, ಪಕ್ಕದ ಮಡಿಯನ್ನು ಹಿಂದಿನಂತೆಯೇ ಬಿಟ್ಟು, ಒಂದು ಬೆಳೆಯ ಕಾಲ ಕಾಂಡದ ಎತ್ತರವನ್ನೂ ಮೊಗ್ಗು ಕಾಣಿಸಿದ ದಿನವನ್ನೂ ಬರೆದಿಟ್ಟು ಹೋಲಿಸಿನೋಡಬೇಕು. ಎಲ್ಲ ತಳಿಗಳೂ ದೀಪಕ್ಕೆ ಒಂದೇ ಸಮನಾಗಿ ಓಗೊಡುವುದಿಲ್ಲವಾಗಿ, ಈ ಪರೀಕ್ಷೆಯನ್ನು ಉಪೇಕ್ಷಿಸಬಾರದು.

ಟೈಮರಿನಿಂದ ಮತ್ತೊಂದು ಅನುಕೂಲವುಂಟು. ನಾಲ್ಕು ಗಂಟೆಗಳ ಕಾಲ ಸತತವಾಗಿ ಉರಿಸುವ ಬದಲು, ಪ್ರತಿ ಅರ್ಧಗಂಟೆಗೆ ಹತ್ತು ನಿಮಿಷ ಉರಿಸಿ ಇಪ್ಪತ್ತು ನಿಮಿಷ ಆರಿಸುವ ಪದ್ಧತಿಯೂ ಪರದೇಶಗಳ ಸೇವಂತಿಗೆ ಬೆಳೆಗಾರರಲ್ಲಿ ರೂಢಿಯಲ್ಲಿದೆ. ಇದರಿಂದ ಖರ್ಚು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪದೇ ಪದೇ ಹೊತ್ತಿಸಿ ಆರಿಸಿದರೆ ಸಿ.ಎಫ್.ಎಲ್. ಬೇಗ ಕೆಡುತ್ತದೆ, ಎಲ್.ಇ.ಡಿ. ಇದನ್ನು ತಾಳಿಕೊಳ್ಳುತ್ತದೆ. ಆದರೂ ಇದನ್ನು ಮೊದಲು ಒಂದೇ ಮಡಿಯಲ್ಲಿ ಪ್ರಯೋಗಿಸಿ, ಫಲಿತಾಂಶವನ್ನು ಕಂಡ ಮೇಲೆಯೇ ವಿಸ್ತರಿಸತಕ್ಕದ್ದು. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿಕೊಂಡು ಆರಂಭಿಸಿದರೆ ಇನ್ನೂ ಉತ್ತಮ.

ಈಗ ಗ್ರಾಮದ ಮುಖ್ಯಸ್ಥರು ವಿಶೇಷವಾಗಿ ಲಕ್ಷ್ಯವಿಡಬೇಕಾದ ವಿಷಯಕ್ಕೆ ಬರುತ್ತೇವೆ. ಕರ್ನಾಟಕದಲ್ಲಿ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತವಾಗಿ ದೊರೆಯುವ ವಿದ್ಯುಚ್ಛಕ್ತಿಯು ನೀರೆತ್ತುವುದಕ್ಕಾಗಿ ಮಾತ್ರ ಕೊಡಲ್ಪಟ್ಟುದು. ಅದರ ತಂತಿಯಿಂದ ಕೊಂಡಿ ಹಾಕಿ ತೋಟಕ್ಕೆ ದೀಪವುರಿಸುವುದು ನಿಯಮಕ್ಕೆ ವಿರುದ್ಧ; ಅದಕ್ಕಿಂತ ಮಿಗಿಲಾಗಿ ಪ್ರಾಣಕ್ಕೆ ಅಪಾಯಕರ. ನೀರು ಹಾಯಿಸಿದ ಒದ್ದೆ ನೆಲ, ಕಬ್ಬಿಣದ ಕಂಬಗಳು, ಬರಿಗಾಲಿನ ಕೂಲಿಯಾಳುಗಳು, ಹೊದಿಕೆ ಹರಿದ ತಂತಿಗಳು, ಇವೆಲ್ಲ ಒಂದೆಡೆ ಸೇರಿದಲ್ಲಿ ಮೃತ್ಯುವನ್ನು ಕರೆಯಬೇಕಾದುದಿಲ್ಲ. ಹೂವು ಬಿಡಿಸುವವರಲ್ಲಿ ಬಹುಮಂದಿ ಹೆಂಗಸರು. ತಂತಿಯನ್ನು ಎಳೆದವನು ಜಮೀನಿನ ಯಜಮಾನ. ಅವನು ಉಳಿಸಿದ ನಾಲ್ಕು ಕಾಸಿಗೆ ಬೇರೊಬ್ಬರು ಬೆಲೆ ತೆರುವಂತಾಗಬಾರದು.

ಎಲ್.ಇ.ಡಿ.ಯ ನಿಜವಾದ ಪ್ರಯೋಜನವು ನಮಗೆ ಇಲ್ಲಿಯೇ ತೋರುತ್ತದೆ. ೬೦ ವಾಟಿನ ನೂರು ಬಲ್ಬುಗಳು ೬ ಕಿಲೋವಾಟ್ ಭಾರವನ್ನು ಬೇಡಿದರೆ, ೯ ವಾಟಿನ ನೂರು ಎಲ್.ಇ.ಡಿ.ಗಳು ಒಂದು ಕಿಲೋವಾಟಿಗಿಂತಲೂ ಕಡಮೆಯನ್ನು ಬೇಡುತ್ತವೆ. ಇಷ್ಟು ಸಣ್ಣ ಭಾರಕ್ಕೆ ಬೆಸ್ಕಾಂ ಕಛೇರಿಯಲ್ಲಿ ಅರ್ಜಿ ಕೊಟ್ಟು ಕ್ರಮವಾದ ಸಂಪರ್ಕವನ್ನು ಪಡೆದು ಬಿಲ್ಲು ತೆರುವುದು ಸಣ್ಣ ರೈತನಿಗೂ ಸಾಧ್ಯ. ರಾತ್ರಿ ವಿದ್ಯುತ್ತು ನಿಂತರೂ ಒಂದು ಚಿಕ್ಕ ಜನರೇಟರಿನಿಂದ ಕೆಲಸ ಸಾಗಿಸಬಹುದು. ಸತತವಾಗಿ ಕೆಲವು ರಾತ್ರಿಗಳು ದೀಪ ತಪ್ಪಿದರೆ ಗಿಡವು ಅಕಾಲದಲ್ಲಿ ಮೊಗ್ಗು ಕಟ್ಟುವುದರಿಂದ ಇದು ಅಲ್ಪ ಲಾಭವಲ್ಲ. ಕಳ್ಳಕೊಂಡಿಗೆ ಇದ್ದ ನೆಪವು ಇದರಿಂದ ತಪ್ಪಿಹೋಗುತ್ತದೆ.

ಆದುದರಿಂದ ಬಲ್ಬಿನಲ್ಲಿ ಉಳಿದ ಹಣದಿಂದ ಹೊದಿಕೆಯುಳ್ಳ ಒಳ್ಳೆಯ ತಂತಿ, ಸರಿಯಾದ ಅರ್ಥಿಂಗ್, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿದುಹಾಕುವ ಸ್ವಿಚ್ಚು, ಇವುಗಳನ್ನು ಪರವಾನಗಿಯುಳ್ಳ ಕೆಲಸಗಾರನಿಂದ ಹಾಕಿಸಬೇಕು. ಮನೆಬಳಕೆಯ ಬಲ್ಬು ನೀರಿನ ತುಂತುರನ್ನು ತಡೆಯಲಾರದಾದುದರಿಂದ ಹೋಲ್ಡರುಗಳು ಕೆಳಮುಖವಾಗಿಯೂ ಮರೆಯಲ್ಲಿಯೂ ಇರತಕ್ಕದ್ದು. ಬಿ.ಐ.ಎಸ್. ಗುರುತಿಲ್ಲದ, ರಸೀದಿ ಕೊಡದ ಬಲ್ಬನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು.

ಸರ್ಕಾರದಿಂದ ನೆರವು ದೊರೆಯಬೇಕೆಂದು ಕೆಲವರು ಕೇಳುವುದುಂಟು. ನೆರವು ಕೊಡುವುದಾದರೆ ಅದು ಬಲ್ಬಿಗಿಂತ ಮೊದಲು ತಂತಿಗೂ ಟೈಮರಿಗೂ ಸಲ್ಲಲಿ ಎಂಬುದು ನಮ್ಮ ಅಭಿಪ್ರಾಯ. ಬಲ್ಬು ಎರಡು ಬೆಳೆಗಳಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಸುರಕ್ಷಿತವಾದ ತಂತಿಯ ಲಾಭವು ಯಾವ ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲವಾಗಿ, ಬಡ ರೈತನು ಅದನ್ನೇ ಕೊನೆಗೆ ನೂಕುತ್ತಾನೆ.

ಮುಖ್ಯಸ್ಥರಲ್ಲಿ ಇನ್ನೊಂದು ವಿಜ್ಞಾಪನೆ. ಪಂಚಾಯಿತಿಯ ಬೀದಿದೀಪವು ಪಕ್ಕದ ಸೇವಂತಿಗೆ ತಾಕಿನ ಮೇಲೆ ರಾತ್ರಿಯೆಲ್ಲ ಬಿದ್ದರೆ, ಹೂವು ಬರಬೇಕಾದ ಕಾಲದಲ್ಲಿ ಆ ಅಂಚಿನ ಗಿಡಗಳು ಮೊಗ್ಗು ಕಟ್ಟದೆ ನಿಲ್ಲಬಹುದು. ಒಬ್ಬನ ತೋಟದ ದೀಪವು ಹೂಬಿಡಲು ಸಿದ್ಧವಾದ ನೆರೆಯವನ ಗಿಡಕ್ಕೂ ಇದೇ ತೊಂದರೆಯನ್ನುಂಟುಮಾಡುತ್ತದೆ. ದೀಪಕ್ಕೆ ಮರೆ ಕಟ್ಟಿಸುವುದರಿಂದ ಪರಿಹಾರವಾಗುವ ಇಂತಹ ವಿಷಯಗಳು ಜಗಳಕ್ಕೆ ತಿರುಗುವ ಮೊದಲೇ ಇತ್ಯರ್ಥವಾಗುವಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.

ಈ ಬೆಳೆಯ ಸಾಲಿನಲ್ಲಿ ಪ್ರತಿ ಗ್ರಾಮದಲ್ಲಿಯೂ ಒಬ್ಬ ಅನುಕೂಲಸ್ಥ ಜಮೀನುದಾರರು ತಮ್ಮ ಒಂದು ಮಡಿಯನ್ನು ಹೇಳಿದ ರೀತಿಯಲ್ಲಿ ಸಜ್ಜುಗೊಳಿಸಿ, ಹಿಂದಿನ ಮತ್ತು ಇಂದಿನ ಬಿಲ್ಲುಗಳನ್ನು ಎಲ್ಲರಿಗೂ ತೋರಿಸುವುದಾದರೆ, ಸಣ್ಣ ರೈತರು ಮಾರಾಟಗಾರರ ಮಾತಿಗಿಂತ ಆ ಕಾಗದವನ್ನೇ ನಂಬುವರು. ದೀಪವನ್ನು ಬದಲಾಯಿಸುವ ಮುನ್ನ ತಂತಿಯನ್ನು ಪರೀಕ್ಷಿಸುವ ವಾಡಿಕೆಯೂ ಅವರ ತೋಟದಿಂದಲೇ ಆರಂಭವಾಗಲಿ.