ವಾಹನದ ಸ್ಟೆಬಿಲೈಜರ್ ಬಾರ್‌ಗೆ ಗ್ಯಾರೇಜಿನಲ್ಲಿ ತಯಾರಿಸಿದ ಕಳಚುವ ಜೋಡಣೆ: ಅತ್ತಾವರ ಭಾಗದ ವಾಹನ ಮಾಲೀಕರ ಮಾಹಿತಿಗಾಗಿ ಒಂದು ವಿಶ್ಲೇಷಣೆ

1. ಪೀಠಿಕೆ

2020ರ ಅಕ್ಟೋಬರ್‌ನಲ್ಲಿ ಮಹೀಂದ್ರ ಥಾರ್ ವಾಹನದ ಹೊಸ ಮಾದರಿಯೂ 2023ರ ಜೂನ್‌ನಲ್ಲಿ ಮಾರುತಿ ಸುಜುಕಿ ಜಿಮ್ನಿಯೂ ಮಾರುಕಟ್ಟೆಗೆ ಬಂದವು. ನಾಲ್ಕು ಚಕ್ರಗಳಿಗೂ ಎಂಜಿನ್ ಬಲ ದೊರೆಯುವ ವಾಹನವು ಈಗ ಘಟ್ಟದ ತೋಟಗಳ ಮಾಲೀಕರಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಅತ್ತಾವರದಂತಹ ನಗರ ಪ್ರದೇಶದ ಮನೆಗಳ ಅಂಗಳದಲ್ಲಿಯೂ ಅದು ನಿಂತಿರುತ್ತದೆ. ವಾರದ ದಿನಗಳಲ್ಲಿ ಅದೇ ವಾಹನ ಮಕ್ಕಳನ್ನು ಶಾಲೆಗೂ ಹಿರಿಯರನ್ನು ಆಸ್ಪತ್ರೆಗೂ ಬಂಧುಗಳನ್ನು ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣಕ್ಕೂ ಕರೆದೊಯ್ಯುತ್ತದೆ. ರಜಾ ದಿನಗಳಲ್ಲಿ ಘಟ್ಟದ ಕಚ್ಚಾ ದಾರಿಗಳನ್ನು ಹತ್ತುತ್ತದೆ.

ಇಂತಹ ವಾಹನಗಳ ಮಾಲೀಕರಲ್ಲಿ ಕೆಲವರು ಕಲ್ಲುದಾರಿಯಲ್ಲಿ ಚಕ್ರಗಳಿಗೆ ಹೆಚ್ಚಿನ ಚಲನೆ ದೊರೆಯಲೆಂದು ಸ್ಟೆಬಿಲೈಜರ್ ಬಾರನ್ನು ಬೇಕಾದಾಗ ಕಳಚಿ ಮತ್ತೆ ಜೋಡಿಸುವ ಪಿನ್ನುಗಳನ್ನು ಲೇತ್ ಅಥವಾ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳುವುದುಂಟು. ಇದಕ್ಕೆ ಅನುಮತಿ ಬೇಕೇ, ನೋಂದಣಿ ಪ್ರಮಾಣಪತ್ರದಲ್ಲಿ (ಆರ್.ಸಿ.) ನಮೂದಾಗಬೇಕೇ, ಇದರಿಂದ ಅಪಾಯವಿದೆಯೇ ಎಂಬ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಸ್ಟೆಬಿಲೈಜರ್ ಬಾರ್ ಎಂದರೇನು?

ಇದು ವಾಹನದ ಅಡಿಯಲ್ಲಿ ಎಡ ಚಕ್ರದ ಭಾಗದಿಂದ ಬಲ ಚಕ್ರದ ಭಾಗಕ್ಕೆ ಅಡ್ಡಲಾಗಿ ಹಾದುಹೋಗುವ ಉಕ್ಕಿನ ಸರಳು. ಇದನ್ನು ಆಂಟಿ ರೋಲ್ ಬಾರ್ ಎಂದೂ ಕರೆಯುತ್ತಾರೆ. ಇದರ ನಡುಭಾಗವನ್ನು ರಬ್ಬರ್ ಬುಷ್‌ಗಳ ಮೂಲಕ ಚಾಸಿಗೆ ಹಿಡಿಸಲಾಗಿರುತ್ತದೆ. ಎರಡು ತುದಿಗಳನ್ನು ಲಿಂಕ್ ರಾಡ್ ಎಂಬ ಚಿಕ್ಕ ಕೊಂಡಿಗಳ ಮೂಲಕ ಸಸ್ಪೆನ್ಷನ್ನಿಗೆ ಜೋಡಿಸಲಾಗಿರುತ್ತದೆ.

ಎರಡೂ ಚಕ್ರಗಳು ಒಟ್ಟಿಗೆ ಮೇಲೇರಿದರೆ ಸರಳು ಸುಮ್ಮನೆ ಹೊರಳುತ್ತದೆ. ಒಂದು ಚಕ್ರ ಮಾತ್ರ ಏರಿದರೆ ಸರಳು ತಿರುಚಿಕೊಂಡು ಆ ಚಲನೆಯನ್ನು ತಡೆಯುತ್ತದೆ. ತಿರುವಿನಲ್ಲಿ ವಾಹನದ ಭಾರ ಹೊರಮಗ್ಗುಲಿನ ಚಕ್ರಗಳ ಮೇಲೆ ಬಿದ್ದು ಒಡಲು ವಾಲತೊಡಗಿದಾಗ ಈ ತಡೆಯೇ ವಾಲುವಿಕೆಯನ್ನು ಹತೋಟಿಯಲ್ಲಿಡುತ್ತದೆ. ಆದರೆ ಒಂದು ಚಕ್ರ ಬಂಡೆಯ ಮೇಲೂ ಇನ್ನೊಂದು ಹಳ್ಳದಲ್ಲೂ ಇರುವಾಗ ಅದೇ ತಡೆ ಅಡ್ಡಿಯಾಗುತ್ತದೆ. ಹಳ್ಳದ ಕಡೆಯ ಚಕ್ರವು ನೆಲಕ್ಕೆ ಇಳಿಯಲಾಗದೆ ಗಾಳಿಯಲ್ಲಿ ತಿರುಗುತ್ತದೆ. ಕಳಚಬೇಕೆಂಬ ಅಪೇಕ್ಷೆ ಹುಟ್ಟುವುದು ಇಲ್ಲಿಯೇ. ಆ ಅಪೇಕ್ಷೆ ಕಾರಣವಿಲ್ಲದ್ದೆಂದು ಹೇಳಲಾಗದು.

3. ಹಳೆಯ ಜೀಪಿಗೆ ಇಲ್ಲದ್ದು ಹೊಸ ವಾಹನಕ್ಕೆ ಏಕೆ ಬೇಕು?

ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪುಗಳು ಬಹು ಕಾಲದಿಂದ ಪ್ರಯಾಣಿಕರನ್ನು ಕರೆದೊಯ್ಯುತ್ತಿವೆ. ಹಳೆಯ ಜೀಪುಗಳಲ್ಲಿ ಅನೇಕವಕ್ಕೆ ಈ ಸರಳು ಇರಲೇ ಇಲ್ಲ, ಆದುದರಿಂದ ನಮ್ಮ ವಾಹನಕ್ಕೂ ಅದು ಅನಿವಾರ್ಯವಲ್ಲ ಎಂಬ ವಾದ ಸಾಮಾನ್ಯವಾಗಿ ಕೇಳಿಬರುತ್ತದೆ.

ಈ ವಾದ ಅರ್ಧ ಮಾತ್ರ ಸರಿ. ಹಳೆಯ ಜೀಪುಗಳ ವಿನ್ಯಾಸವೇ ಆ ಸರಳಿಲ್ಲದೆ ಆದುದು. ಅವುಗಳ ಪಟ್ಟಿ ಸ್ಪ್ರಿಂಗುಗಳು ಬಿಗಿಯಾಗಿದ್ದು, ವಾಲುವಿಕೆಯನ್ನು ಬಹುಮಟ್ಟಿಗೆ ಅವೇ ತಡೆಯುತ್ತಿದ್ದವು. ವಾಹನದ ವೇಗವೂ ಕಡಿಮೆಯಿತ್ತು. ಇಂದಿನ ವಾಹನಗಳಲ್ಲಿ ಪ್ರಯಾಣದ ಸುಖಕ್ಕಾಗಿ ಮೃದುವಾದ ಸುರುಳಿ ಸ್ಪ್ರಿಂಗುಗಳನ್ನು ಬಳಸಲಾಗಿದೆ. ಅವು ಬಿಟ್ಟುಕೊಟ್ಟ ಬಿಗಿಯನ್ನು ಸ್ಟೆಬಿಲೈಜರ್ ಬಾರ್ ತುಂಬಿಕೊಡುತ್ತದೆ. ವಾಹನದ ವಿದ್ಯುನ್ಮಾನ ಸ್ಥಿರತಾ ವ್ಯವಸ್ಥೆಯೂ ಈ ಸರಳು ಸ್ಥಾನದಲ್ಲಿದೆ ಎಂಬ ಆಧಾರದ ಮೇಲೆಯೇ ಹೊಂದಿಸಲ್ಪಟ್ಟಿರುತ್ತದೆ.

ಮುಂಭಾಗದ ಸರಳನ್ನು ಮಾತ್ರ ಕಳಚಿದಾಗ ಇನ್ನೊಂದು ಪರಿಣಾಮವೂ ಉಂಟು. ತಿರುವಿನ ಒತ್ತಡದಲ್ಲಿ ಹಿಂಬದಿಯ ಚಕ್ರಗಳ ಪಾಲು ಹೆಚ್ಚುತ್ತದೆ. ಒದ್ದೆ ರಸ್ತೆಯಲ್ಲಿ ವಾಹನದ ಹಿಂಭಾಗ ಜಾರುವ ಪ್ರವೃತ್ತಿ ಬೆಳೆಯುತ್ತದೆ. ಛಾವಣಿಯ ಕ್ಯಾರಿಯರ್ ಮೇಲೆ ಸಾಮಾನು ಹೇರಿದ್ದರೆ ವಾಲುವಿಕೆ ಇನ್ನೂ ಅಧಿಕವಾಗುತ್ತದೆ.

4. ಅಪಾಯ ಇರುವುದು ಕಲ್ಲುದಾರಿಯಲ್ಲಲ್ಲ, ಮರಳುವ ದಾರಿಯಲ್ಲಿ

ಅತ್ತಾವರದಿಂದ ಹೊರಡುವವರು ಪಂಪ್‌ವೆಲ್, ಬಿ.ಸಿ. ರೋಡ್, ಬೆಳ್ತಂಗಡಿ, ಉಜಿರೆ ಮಾರ್ಗವಾಗಿ ಚಾರ್ಮಾಡಿ ಘಟ್ಟವನ್ನು ಹತ್ತಿ ಕೊಟ್ಟಿಗೆಹಾರ ತಲುಪುತ್ತಾರೆ. ಅದು ರಾಷ್ಟ್ರೀಯ ಹೆದ್ದಾರಿ 73. ಹೋಗುವಾಗಲೂ ಬರುವಾಗಲೂ ಅದೇ ಹೇರ್‌ಪಿನ್ ತಿರುವುಗಳು, ಅದೇ ಮಳೆ, ಅದೇ ಮಂಜು. ಕಲ್ಲುದಾರಿಯಲ್ಲಿ ನಡಿಗೆಯ ವೇಗದಲ್ಲಿ ಸಾಗುವ ವಾಹನಕ್ಕೆ ಸರಳು ಇಲ್ಲದಿರುವುದು ದೊಡ್ಡ ಆತಂಕವಲ್ಲ. ಘಟ್ಟ ಇಳಿಯುವಾಗ ಎದುರಿನ ಬಸ್ಸಿಗೆ ದಾರಿ ಬಿಡಲು ಥಟ್ಟನೆ ಸ್ಟಿಯರಿಂಗ್ ತಿರುಗಿಸುವ ಕ್ಷಣದಲ್ಲಿ ಅದು ಬೇಕೇ ಬೇಕು.

ಕೆಲವು ವಿದೇಶಿ ತಯಾರಕರು ಈ ಸೌಲಭ್ಯವನ್ನು ಕಾರ್ಖಾನೆಯಲ್ಲಿಯೇ ಒದಗಿಸಿದ್ದಾರೆ. ಜೀಪ್ ರ‍್ಯಾಂಗ್ಲರ್ ರುಬಿಕಾನ್ ವಾಹನದಲ್ಲಿ ಗುಂಡಿಯೊಂದನ್ನು ಒತ್ತಿದರೆ ಮುಂಭಾಗದ ಸರಳು ಬೇರ್ಪಡುತ್ತದೆ. ಆದರೆ ವೇಗ ಗಂಟೆಗೆ ಸುಮಾರು 29 ಕಿ.ಮೀ. ಮೀರಿದೊಡನೆ ಅದು ತಾನಾಗಿಯೇ ಮತ್ತೆ ಜೋಡಣೆಗೊಳ್ಳುತ್ತದೆ. ಚಾಲಕ ಮರೆತರೂ ಯಂತ್ರ ಮರೆಯುವುದಿಲ್ಲ.

ಗ್ಯಾರೇಜಿನಲ್ಲಿ ಮಾಡಿಸಿದ ಪಿನ್ನಿಗೆ ಆ ನೆನಪಿನ ಶಕ್ತಿ ಇಲ್ಲ. ಪ್ರವಾಸ ಮುಗಿಸಿ ಸಂಜೆಯ ಮಬ್ಬಿನಲ್ಲಿ, ಮಳೆಯಲ್ಲಿ, ಕೆಸರಿನಲ್ಲಿ ಮಲಗಿ ಪಿನ್ನು ಸೇರಿಸಬೇಕು. ನೆಲ ಸಮತಟ್ಟಾಗಿಲ್ಲದಿದ್ದರೆ ಎರಡು ರಂಧ್ರಗಳು ಒಂದಕ್ಕೊಂದು ಹೊಂದಿ ಬರುವುದಿಲ್ಲ. ಆಗ "ಮನೆಗೆ ಹೋಗಿ ಹಾಕಿದರಾಯಿತು" ಎಂಬ ತೀರ್ಮಾನವಾಗುತ್ತದೆ. ಮನೆಗೂ ಆ ಸ್ಥಳಕ್ಕೂ ನಡುವೆ ಇಡೀ ಘಟ್ಟವಿದೆ ಎಂಬುದನ್ನು ಆ ತೀರ್ಮಾನ ಮರೆತಿರುತ್ತದೆ. ಹಿಂದಿನ ಆಸನದಲ್ಲಿ ನಿದ್ರಿಸುತ್ತಿರುವ ಮಕ್ಕಳಿಗೂ ಎದುರಿನಿಂದ ಬರುವ ಬೈಕ್ ಸವಾರನಿಗೂ ಈ ವಿಷಯ ತಿಳಿದಿರುವುದಿಲ್ಲ.

ಇದರ ಹೊರತಾಗಿ ಈ ಕೆಳಕಂಡ ದೋಷಗಳನ್ನೂ ಗಮನಿಸತಕ್ಕದ್ದು:

ಅ) ತಂತಿ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಮೇಲಕ್ಕೆ ಕಟ್ಟಿದ ಲಿಂಕ್ ರಾಡ್ ಸಡಿಲಗೊಂಡು ಟಯರಿಗೆ ಅಥವಾ ಬ್ರೇಕ್ ಹೋಸ್‌ಗೆ ತಗಲಬಹುದು.
ಆ) ಮೂಲ ಲಿಂಕ್ ರಾಡನ್ನು ಕತ್ತರಿಸಿ ವೆಲ್ಡಿಂಗ್ ಮಾಡಿದಲ್ಲಿ ಶಾಖದಿಂದ ಆ ಜಾಗದ ಉಕ್ಕು ದುರ್ಬಲಗೊಂಡು ಬಿರುಕು ಬಿಡಬಹುದು.
ಇ) ಪಿನ್ನಿನ ರಂಧ್ರ ಕ್ರಮೇಣ ಸವೆದು ಅಂಡಾಕಾರವಾಗಿ, ಜೋಡಿಸಿದಾಗಲೂ ಸಡಿಲವಾಗಿಯೇ ಉಳಿಯಬಹುದು.
ಈ) ಚಕ್ರವು ಮೂಲ ಮಿತಿಗಿಂತ ಕೆಳಗಿಳಿಯುವಂತಾದರೆ ಬ್ರೇಕ್ ಹೋಸ್ ಎಳೆತಕ್ಕೆ ಸಿಲುಕಬಹುದು.

5. ಕಾನೂನಿನ ಸ್ಥಿತಿ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಕೇರಳ ಹೈಕೋರ್ಟಿನ ವಿಭಾಗೀಯ ಪೀಠದ ತೀರ್ಪಿನ ವಿರುದ್ಧದ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಆ ತೀರ್ಪನ್ನು ರದ್ದುಪಡಿಸಿ, ತಯಾರಕರ ಮೂಲ ನಿರ್ದಿಷ್ಟತೆಯೇ ಪ್ರಧಾನವೆಂದು ಎತ್ತಿಹಿಡಿಯಿತು. ಇದಕ್ಕೂ ಮುನ್ನ, 2017ರ ಡಿಸೆಂಬರ್‌ನಲ್ಲಿ, ಅನಧಿಕೃತ ಬುಲ್ ಬಾರ್‌ಗಳ ವಿರುದ್ಧ ಕ್ರಮ ಜರುಗಿಸುವಂತೆ ಕೇಂದ್ರ ಸಾರಿಗೆ ಸಚಿವಾಲಯವು ರಾಜ್ಯಗಳಿಗೆ ಸೂಚಿಸಿದುದೂ ಇದೇ ಕಲಮಿನ ಆಧಾರದಿಂದ.

ಸ್ಟೆಬಿಲೈಜರ್ ಬಾರ್ ಎಂಬ ಹೆಸರು ಆರ್.ಸಿ.ಯಲ್ಲಿ ಇಲ್ಲ, ಆದುದರಿಂದ ಕಾನೂನು ಅನ್ವಯಿಸದು ಎಂದು ಕೆಲವರು ವಾದಿಸುತ್ತಾರೆ. ಕಲಂ 52ನ್ನು ಮಾತ್ರ ಓದಿದಲ್ಲಿ ಈ ವಾದಕ್ಕೆ ಎಡೆಯಿರುವಂತೆ ತೋರಬಹುದು. "ಮಾರ್ಪಾಡು" ಎಂದರೆ ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನಾ ವ್ಯತ್ಯಾಸ ಎಂದು ಅದರ ವಿವರಣೆ ಹೇಳುತ್ತದೆ. ಆದರೆ ಕಾಯ್ದೆ ಅಲ್ಲಿಗೆ ನಿಲ್ಲುವುದಿಲ್ಲ.

2019ರ ತಿದ್ದುಪಡಿಯಿಂದ ಸೇರ್ಪಡೆಯಾಗಿ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಕಲಂ 182-ಎ(4)ರ ಪ್ರಕಾರ, ಬಿಡಿಭಾಗಗಳ ಮರುಜೋಡಣೆಯೂ ಸೇರಿದಂತೆ ಕಾಯ್ದೆ ಮತ್ತು ನಿಯಮಗಳು ಅನುಮತಿಸದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ 6 ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದಲ್ಲದೆ ಕಲಂ 190ರಂತೆ, ಚಾಲನೆಯನ್ನು ಅಪಾಯಕಾರಿಯಾಗಿಸುವ ದೋಷವು ತಿಳಿದಿದ್ದೂ, ಅಥವಾ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದೂ, ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವುದು ಅಪರಾಧ. ಆ ದೋಷದಿಂದ ಅಪಘಾತವಾಗಿ ಗಾಯ ಅಥವಾ ಆಸ್ತಿ ಹಾನಿ ಸಂಭವಿಸಿದರೆ ಶಿಕ್ಷೆಯ ಪ್ರಮಾಣ ಹೆಚ್ಚುತ್ತದೆ. ಈ ಎರಡು ಕಲಮುಗಳೂ ಆರ್.ಸಿ.ಯಲ್ಲಿ ಏನು ಬರೆದಿದೆ ಎಂಬುದನ್ನು ಅವಲಂಬಿಸಿಲ್ಲ.

ವಿಮಾ ಸಂಸ್ಥೆಗೆ ತಿಳಿಸದೆ ಮಾಡಿದ ಮಾರ್ಪಾಡು ಸ್ವಂತ ವಾಹನದ ಹಾನಿಯ ಕ್ಲೇಮಿನಲ್ಲಿ ತಕರಾರಿಗೆ ಕಾರಣವಾಗಬಹುದು. ಕೆಲವು ನೂರು ರೂಪಾಯಿಗಳ ಪಿನ್ನಿನ ಲೆಕ್ಕದಲ್ಲಿ ಈ ಬಾಬನ್ನೂ ಸೇರಿಸಿಕೊಳ್ಳುವುದು ಉಚಿತ.

6. ಅರ್ಜಿದಾರರು ಅನುಸರಿಸಬೇಕಾದ ಕ್ರಮ

1) ಕಳಚುವ ಜೋಡಣೆಯನ್ನು ಈಗಾಗಲೇ ಅಳವಡಿಸಿಕೊಂಡವರು ಮೂಲ ಲಿಂಕ್ ರಾಡ್ ಮತ್ತು ಬುಷ್‌ಗಳನ್ನು ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ಮರುಸ್ಥಾಪಿಸಿಕೊಂಡು, ಅದರ ರಸೀದಿಯನ್ನು ಇಟ್ಟುಕೊಳ್ಳುವುದು.

2) ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ನವೀಕರಿಸುವವರು ಹಾಗೂ ಅರ್ಹತಾ ಪ್ರಮಾಣಪತ್ರ (ಎಫ್.ಸಿ.) ಪಡೆಯುವ ಟ್ಯಾಕ್ಸಿ ಮಾಲೀಕರು ವಾಹನವನ್ನು ತಪಾಸಣೆಗೆ ತರುವ ಮುನ್ನ ಸರಳಿನ ಎರಡು ತುದಿಗಳೂ ಸರಿಯಾಗಿ ಜೋಡಣೆಗೊಂಡಿರುವುದನ್ನು ಖಚಿತಪಡಿಸಿಕೊಳ್ಳುವುದು. ತಪಾಸಣೆಯ ದಿನಕ್ಕೆ ಮಾತ್ರ ಜೋಡಿಸಿ ಮರುದಿನ ಕಳಚುವುದರಿಂದ ಮಾಲೀಕರ ಹೊಣೆ ಕಡಿಮೆಯಾಗುವುದಿಲ್ಲ.

3) ಬಳಸಿದ ವಾಹನ ಕೊಳ್ಳುವವರು ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸುವ ಮೊದಲು ವಾಹನವನ್ನು ಎತ್ತಿಸಿ ನೋಡುವುದು. ಮುಂದಿನ ಚಕ್ರಗಳ ಹಿಂದೆ ಎರಡೂ ಬದಿಯ ಲಿಂಕ್ ರಾಡ್‌ಗಳು ಇವೆಯೇ, ಬೋಲ್ಟಿನ ಜಾಗದಲ್ಲಿ ಪಿನ್ನು ಇದೆಯೇ, ವೆಲ್ಡಿಂಗ್ ಗುರುತು ಇದೆಯೇ ಎಂದು ಪರಿಶೀಲಿಸುವುದು. ಹಿಂದಿನ ಮಾಲೀಕರು ಮಾಡಿಸಿದ್ದು ಎಂಬ ಸಮಜಾಯಿಷಿ ಕಲಂ 190ರ ಮುಂದೆ ನಿಲ್ಲುವುದು ಕಷ್ಟ.

4) ಯಾವುದೇ ಮಾರ್ಪಾಡು ಮಾಡಿಸಬಯಸುವವರು ಕೆಲಸ ಮಾಡಿಸುವ ಮೊದಲೇ ನೋಂದಣಿ ಪ್ರಾಧಿಕಾರವನ್ನು ವಿಚಾರಿಸುವುದು. ಅತ್ತಾವರದ ನಿವಾಸಿಗಳಿಗೆ ಅದು ಮಂಗಳೂರಿನ ಪ್ರಾದೇಶಿಕ ಸಾರಿಗೆ ಕಚೇರಿ (ಕೆಎ-19). ಅನುಮತಿಸಬಹುದಾದ ಮಾರ್ಪಾಡುಗಳ ನಮೂದಿಗೆ ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದ ವಾಹನ್ ಸೇವೆಗಳ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಆರ್.ಸಿ., ಚಾಲ್ತಿಯಲ್ಲಿರುವ ವಿಮಾ ಪತ್ರ ಮತ್ತು ವಾಯುಮಾಲಿನ್ಯ ತಪಾಸಣಾ ಪತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು.

7. ಉಪಸಂಹಾರ

ಕಲ್ಲುದಾರಿಯ ಹವ್ಯಾಸವನ್ನು ನಿರುತ್ಸಾಹಗೊಳಿಸುವುದು ಈ ಬರಹದ ಉದ್ದೇಶವಲ್ಲ. ಚಕ್ರವೊಂದು ಗಾಳಿಯಲ್ಲಿ ತಿರುಗಿ ವಾಹನ ನಿಂತುಹೋದರೆ ನಷ್ಟವಾಗುವುದು ಅರ್ಧ ಗಂಟೆ. ಜೊತೆಗೆ ಬಂದ ವಾಹನದ ಹಗ್ಗ ಅದನ್ನು ಎಳೆದು ತೆಗೆಯುತ್ತದೆ. ಘಟ್ಟದ ತಿರುವಿನಲ್ಲಿ ವಾಹನ ಮಗುಚಿದರೆ ಆಗುವ ನಷ್ಟವನ್ನು ಯಾವ ಹಗ್ಗವೂ ಹಿಂದಕ್ಕೆಳೆಯಲಾರದು. ಸಾರ್ವಜನಿಕರು ಈ ವ್ಯತ್ಯಾಸವನ್ನು ಗಮನದಲ್ಲಿರಿಸಿಕೊಂಡು ಸಹಕರಿಸಬೇಕಾಗಿ ಕೋರಲಾಗಿದೆ.

ಸೂಚನೆ: ಈ ಬರಹವು ಮಾಹಿತಿಗಾಗಿ ಮಾತ್ರ. ಕಾಯ್ದೆ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.

ಶಾಖಾಧಿಕಾರಿ